ಚೀನಾದ ಪೊಟ್ಟಣಕ್ಕೆ ಸಾಗಾಣೆ ಅಗ್ಗ, ಆಲ್ದೂರಿನ ಕಾಫಿಪುಡಿಗೆ ಯಾಕೆ ದುಬಾರಿ?

ಆಲ್ದೂರು ಕಾಫಿಮನೆ
ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ಮೂರು ಎಕರೆ ತೋಟದವರು. ರೋಬಸ್ಟಾ ಜಾಸ್ತಿ, ಅರೇಬಿಕಾ ಸ್ವಲ್ಪ. ಎರಡು ವರ್ಷದಿಂದ ಒಂದಷ್ಟು ಬೀಜವನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ತಿಂಗಳಿಗೆ ಅರವತ್ತು, ಎಪ್ಪತ್ತು ಪ್ಯಾಕೆಟ್ ಹೋಗುತ್ತವೆ. ಕರ್ನಾಟಕದ ಒಳಗೆ ಮಾತ್ರ. ಹೆಚ್ಚಿನವು ಬೆಂಗಳೂರಿಗೆ, ಮೈಸೂರಿಗೆ.

ಮೊನ್ನೆ ಒಬ್ಬ ಗಿರಾಕಿ ಫೋನ್ ಮಾಡಿದರು. "ಮೇಡಂ, ಪುಡಿ ಚೆನ್ನಾಗಿದೆ. ಆದರೆ ಅರ್ಧ ಕೆಜಿಗೆ ನೂರರ ಮೇಲೆ ಸಾಗಾಣೆ ಖರ್ಚಾ? ಮೊದಲೆಲ್ಲ ಚೀನಾದಿಂದ ನನಗೆ ಮೊಬೈಲ್ ಕವರ್ ಬರುತ್ತಿತ್ತು, ಸಾಗಾಣೆಗೆ ಒಂದು ರೂಪಾಯಿ ಕೊಟ್ಟಿದ್ದಿಲ್ಲ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ತಮ್ಮನ ಹತ್ತಿರ ಹೇಳಿದೆ. ಪ್ರಪಂಚದ ಅಂಚೆ ಇಲಾಖೆಗಳ ನಡುವೆ ಒಂದು ಒಪ್ಪಂದ ಇದೆಯಂತೆ. ಅದರಲ್ಲಿ ಚೀನಾದವರಿಗೆ ಅಗ್ಗದ ದರವಂತೆ. ಆ ನಷ್ಟವನ್ನು ನಮ್ಮಂಥವರ ಪಾರ್ಸಲ್ ಮೇಲೆ ಹೊರಿಸುತ್ತಾರೆ ಅಂತ ಅವನು ಹೇಳಿದ.

ಇದು ನಿಜವಾ? ನಿಜ ಆಗಿದ್ದರೆ ಯಾರನ್ನು ಕೇಳಬೇಕು? ತಿಳಿದವರು ಬಿಡಿಸಿ ಹೇಳಿ.

ಬೇಲೂರು ಕೆತ್ತನೆ
ನೂರಕ್ಕೆ ನೂರು ನಿಜ ಅಕ್ಕ. ನಾನೂ ಓದಿದ್ದೇನೆ. ಅಮೆರಿಕದಲ್ಲಿ ಇದಕ್ಕೇ ದೊಡ್ಡ ಗಲಾಟೆ ಆಗಿತ್ತು. ಚೀನಾದಿಂದ ಬರುವ ಪೊಟ್ಟಣಕ್ಕೆ ಆಗುವ ಖರ್ಚು ಅವರದೇ ಊರಿಂದ ಊರಿಗೆ ಕಳಿಸುವುದಕ್ಕಿಂತ ಕಮ್ಮಿ ಇತ್ತು.

ಮೂಡಿಗೆರೆ ಮೆಣಸು
ಅಮೆರಿಕದ ಮಾತು ಅಮೆರಿಕಕ್ಕೆ ಆಯಿತು. ನಮ್ಮ ಆಲ್ದೂರಿಗೆ ಅದನ್ನು ಹೇಗೆ ಅಂಟಿಸುತ್ತೀರಿ?

ಬೇಲೂರು ಕೆತ್ತನೆ
ಒಪ್ಪಂದ ಎಲ್ಲ ದೇಶಕ್ಕೂ ಒಂದೇ ಅಲ್ವಾ ಅಣ್ಣ?

ಅಂಚೆಯಲ್ಲಿ 34 ವರ್ಷ
ನಾನು ಹಾಸನ ಜಿಲ್ಲೆಯ ನಾಲ್ಕೈದು ಅಂಚೆ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು. ಸ್ವಲ್ಪ ಉದ್ದ ಬರೆಯುತ್ತೇನೆ. ಇದರಲ್ಲಿ ಅರ್ಧ ನಿಜ, ಅರ್ಧ ತಪ್ಪು ತಿಳಿವಳಿಕೆ.

ಒಪ್ಪಂದ ಆದದ್ದು 1874ರ ಅಕ್ಟೋಬರ್ 9ರಂದು, ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ. ಮೊದಲು ಸಹಿ ಹಾಕಿದ್ದು 22 ದೇಶಗಳು. ಭಾರತ 1876ರಲ್ಲಿ ಸೇರಿತು. ಈಗ ಅದಕ್ಕೆ ಯೂನಿವರ್ಸಲ್ ಪೋಸ್ಟಲ್ ಯೂನಿಯನ್ ಅಂತ ಹೆಸರು, 192 ದೇಶಗಳಿವೆ. ವಿಶ್ವ ಅಂಚೆ ದಿನ ಅಕ್ಟೋಬರ್ 9ಕ್ಕೆ ಬರುವುದೂ ಅದಕ್ಕೇ.

ಆಗಿನ ಲೆಕ್ಕ ಬಹಳ ಸರಳ. ಸ್ಟ್ಯಾಂಪಿನ ದುಡ್ಡು ಕಳಿಸಿದ ದೇಶಕ್ಕೇ. ತಲುಪಿಸಿದ ದೇಶಕ್ಕೆ ಏನೂ ಇಲ್ಲ. ಯಾಕೆ ಅಂದರೆ, ಒಂದು ಕಾಗದ ಬಂದರೆ ಅದಕ್ಕೊಂದು ಉತ್ತರ ಹೋಗೇ ಹೋಗುತ್ತದೆ, ಕೊನೆಗೆ ಸರಿಹೋಗುತ್ತದೆ ಅನ್ನುವ ನಂಬಿಕೆ. ಆದರೆ ಕೆಲವು ದೇಶಗಳಿಗೆ ಬರುವುದೇ ಜಾಸ್ತಿ, ಹೋಗುವುದು ಕಮ್ಮಿ. ಹೊರುವವನಿಗೆ ಕೂಲಿ ಇಲ್ಲ ಅನ್ನುವ ಹಾಗಾಯಿತು. ಅದಕ್ಕೆ 1969ರಲ್ಲಿ ಟೋಕಿಯೋದ ಸಭೆಯಲ್ಲಿ, ಕಳಿಸುವ ದೇಶ ತಲುಪಿಸುವ ದೇಶಕ್ಕೆ ಒಂದು ಪಾಲು ಕೊಡಬೇಕು ಅಂತ ತೀರ್ಮಾನ ಆಯಿತು. ಅದೇ ಟರ್ಮಿನಲ್ ಡ್ಯೂಸ್.

ತೊಂದರೆ ಎಲ್ಲಿ ಬಂತು ಅಂದರೆ, 2 ಕೆಜಿ ತನಕದ ಸಣ್ಣ ಪೊಟ್ಟಣವೂ ಕಾಗದದ ಗುಂಪಿಗೇ ಸೇರುತ್ತದೆ. ಈ ಪಾಲಿನ ದರ ಗೊತ್ತು ಮಾಡುವಾಗ ದೇಶಗಳನ್ನು ಅವುಗಳ ಆರ್ಥಿಕ ಸ್ಥಿತಿ ನೋಡಿ ಗುಂಪು ಮಾಡಿದ್ದರು. ಹಿಂದುಳಿದ ದೇಶಗಳಿಗೆ ಹೊರೆ ಆಗದಿರಲಿ ಅಂತ ದರ ಕಮ್ಮಿ ಇತ್ತು. ಚೀನಾ ಆ ಕಮ್ಮಿ ದರದಲ್ಲೇ ಇತ್ತು. ಆನ್‌ಲೈನ್ ವ್ಯಾಪಾರ ಬಂದ ಮೇಲೆ ಕಾಗದದ ಬದಲು ಮೊಬೈಲ್ ಕವರ್, ಚಾರ್ಜರ್ ವೈರ್ ಮೂಟೆ ಮೂಟೆ ಬರತೊಡಗಿದವು.

2018ರ ಅಕ್ಟೋಬರಿನಲ್ಲಿ ಅಮೆರಿಕದವರು ಈ ಅಂಚೆ ಒಕ್ಕೂಟ ಬಿಟ್ಟು ಹೋಗುತ್ತೇವೆ ಅಂತ ನೋಟಿಸ್ ಕೊಟ್ಟರು. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ವಿಶೇಷ ಸಭೆ ಸೇರಿ ರಾಜಿ ಆಯಿತು. ಪೊಟ್ಟಣ ಬಹಳ ಬರುವ ದೇಶಗಳು ತಮ್ಮ ದರವನ್ನು ತಾವೇ ಹೇಳಬಹುದು, ಆದರೆ ತಮ್ಮ ಒಳನಾಡಿನ ದರದ 70 ಶೇಕಡಾ ದಾಟಬಾರದು ಅಂತ. ಅಮೆರಿಕ 2020ರ ಜುಲೈಯಿಂದ ಹಾಗೇ ಮಾಡಿತು.

ಇಷ್ಟು ಒಪ್ಪಂದದ ಕಥೆ. ಆಲ್ದೂರಿನ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಊಟಕ್ಕೆ ಕರೆಯುತ್ತಿದ್ದಾರೆ.

ಸಕಲೇಶಪುರ ಏಲಕ್ಕಿ
ಒಂದು ಕಾಗದಕ್ಕೆ ಒಂದು ಉತ್ತರ! ಎಂಥ ಒಳ್ಳೆ ನಂಬಿಕೆ ಇತ್ತು ಅವರಿಗೆ. ಸರ್ ಊಟ ಮುಗಿಸಿ ಬನ್ನಿ, ಕಾಯುತ್ತಿದ್ದೇವೆ.

ಬೇಲೂರು ಕೆತ್ತನೆ
ನೋಡಿದಿರಾ ಮೆಣಸಿನ ಅಣ್ಣ, ನಾನು ಹೇಳಿದ್ದೇ ಅಲ್ವಾ? ಚೀನಾದ ಪೊಟ್ಟಣವನ್ನು ನಮ್ಮ ಪೋಸ್ಟ್‌ಮ್ಯಾನ್ ಅರ್ಧ ಕೂಲಿಗೆ ಹೊತ್ತರೆ ಉಳಿದರ್ಧ ಯಾರು ಕೊಡುತ್ತಾರೆ? ನಾವೇ ತಾನೆ.

ಮೂಡಿಗೆರೆ ಮೆಣಸು
ಇಲ್ಲ, ಇದನ್ನು ನಾನು ಒಪ್ಪುವುದಿಲ್ಲ. ತಾರೀಖು ಇಟ್ಟುಕೊಂಡು ನೋಡಿ. ನಮ್ಮ ಸ್ಪೀಡ್ ಪೋಸ್ಟ್ ದರ 2012ರ ಅಕ್ಟೋಬರಿನಲ್ಲಿ ಬದಲಾಯಿತು. ಮುಂದಿನ ಬದಲಾವಣೆ ಯಾವಾಗ? 2025ರ ಅಕ್ಟೋಬರ್ 1ಕ್ಕೆ. ನಡುವೆ 13 ವರ್ಷ. ಚೀನಾದ ಪೊಟ್ಟಣಗಳ ಮಹಾಪೂರ ಬಂದದ್ದು ಆ 13 ವರ್ಷದ ಒಳಗೆ. ಜಿನೀವಾದ ರಾಜಿ ಆದದ್ದೂ ಆ 13 ವರ್ಷದ ಒಳಗೆ. ಪ್ರವಾಹ ಏರಿದಾಗಲೂ ನಮ್ಮ ದರ ಏರಲಿಲ್ಲ, ಇಳಿದಾಗಲೂ ನಮ್ಮ ದರ ಇಳಿಯಲಿಲ್ಲ. ಒಳನಾಡಿನ ದರ ಗೊತ್ತು ಮಾಡುವುದು ನಮ್ಮ ಸರ್ಕಾರ, ಬರ್ನ್‌ನಲ್ಲಿ ಕೂತವರಲ್ಲ.

ಬೇಲೂರು ಕೆತ್ತನೆ
ದರ ಏರದಿದ್ದರೆ ಇಲಾಖೆಗೆ ನಷ್ಟ. ನಷ್ಟ ತುಂಬುವುದು ಬೊಕ್ಕಸದಿಂದ. ಬೊಕ್ಕಸ ಯಾರದು?

ಮೂಡಿಗೆರೆ ಮೆಣಸು
ಬೊಕ್ಕಸ ನಮ್ಮದೇ. ಆದರೆ ಇಲಾಖೆಯ ಖರ್ಚಿನ ದೊಡ್ಡ ಪಾಲು ಸಂಬಳ, ಪಿಂಚಣಿ. ಹಳ್ಳಿ ಹಳ್ಳಿಯಲ್ಲಿ ಕಚೇರಿ ಇಟ್ಟುಕೊಂಡಿದ್ದಾರೆ, ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ. ಅದರಿಂದ ಬಂದ ಕೊರತೆಯನ್ನು ಚೀನಾದ ತಲೆಗೆ ಕಟ್ಟುವುದು ಸರಿಯಲ್ಲ.

ಕೊಪ್ಪ ಜೇನು
ಮಾರಾಯ್ರೇ, ಇಬ್ಬರೂ ಒಂದು ಮುಖ್ಯ ಮಾತು ಬಿಟ್ಟಿರಿ. ಅಕ್ಕ, ನೀವು ಪುಡಿ ಕಳಿಸುವುದು ಯಾವುದರಲ್ಲಿ? ಅಂಚೆಯಲ್ಲಾ, ಖಾಸಗಿ ಕೊರಿಯರ್‌ನಲ್ಲಾ?

ಆಲ್ದೂರು ಕಾಫಿಮನೆ
ಹೆಚ್ಚಿನದು ಖಾಸಗಿ ಕೊರಿಯರ್. ಆಪ್‌ನಲ್ಲಿ ಬುಕ್ ಮಾಡಿ ವಾರಕ್ಕೆ ಎರಡು ಸಲ ಚಿಕ್ಕಮಗಳೂರಿಗೆ ಹೋಗಿ ಕೊಟ್ಟು ಬರುತ್ತೇನೆ. ಕೆಲವು ಮಾತ್ರ ಅಂಚೆಯಲ್ಲಿ.

ಕೊಪ್ಪ ಜೇನು
ಹಾಗಾದರೆ ಮುಗಿಯಿತಲ್ಲ. ಆ ಒಪ್ಪಂದ ಇರುವುದು ದೇಶ ದೇಶಗಳ ಅಂಚೆ ನಡುವೆ. ಖಾಸಗಿ ಕೊರಿಯರ್‌ಗೆ ಅದಕ್ಕೂ ಸಂಬಂಧವೇ ಇಲ್ಲ. ಅವರ ದರ ಅವರದು.

ಬೆಂಗಳೂರಲ್ಲಿರೋ ಮಲ್ನಾಡ್ ಹುಡುಗ
ಗಿರಾಕಿಗಳ ಕಡೆಯಿಂದ ಒಂದು ಮಾತು. ನಾನೂ 2017, 2018ರಲ್ಲಿ ಚೀನಾದ ಆಪ್‌ಗಳಿಂದ ಹಾಗೆ ತರಿಸುತ್ತಿದ್ದೆ. ಪೊಟ್ಟಣದ ಮೇಲೆ 'ಗಿಫ್ಟ್' ಅಂತ ಬರೆದಿರುತ್ತಿತ್ತು. ಆಗ 5,000 ರೂಪಾಯಿ ತನಕದ ಉಡುಗೊರೆಗೆ ಸುಂಕ ಇರಲಿಲ್ಲ. ಸಾಗಾಣೆ ಅಗ್ಗ, ಸುಂಕ ಸೊನ್ನೆ. ಹಾಗಾಗಿ ಅಷ್ಟು ಕಮ್ಮಿಗೆ ಬರುತ್ತಿತ್ತು. 2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆ ದಾರಿ ಮುಚ್ಚಿತು. ಜೀವ ಉಳಿಸುವ ಔಷಧಿ ಮತ್ತು ರಾಖಿ ಎರಡಕ್ಕೆ ಮಾತ್ರ ವಿನಾಯಿತಿ ಕೊಟ್ಟರು. 2020ರಲ್ಲಿ ಆ ಆಪ್‌ಗಳೂ ಒಂದೊಂದಾಗಿ ಬಂದ್ ಆದವು. ನಿಮ್ಮ ಗಿರಾಕಿ ಹೇಳುತ್ತಿರುವುದು ಆ ಕಾಲದ ಮಾತು ಅಕ್ಕ. ಈಗಿನದಲ್ಲ.

ಸಕಲೇಶಪುರ ಏಲಕ್ಕಿ
ರಾಖಿಗೆ ವಿನಾಯಿತಿ ಕೊಟ್ಟಿದ್ದು ಖುಷಿ ಆಯಿತು. ನಮ್ಮ ಸೋದರತ್ತೆ ದುಬೈಯಿಂದ ಅಪ್ಪನಿಗೆ ಪ್ರತಿ ವರ್ಷ ಕಳಿಸುತ್ತಾರೆ.

ಅಂಚೆಯಲ್ಲಿ 34 ವರ್ಷ
ಊಟ ಆಯಿತು. ಮೆಣಸಿನವರು ಹೇಳಿದ ತಾರೀಖು ಸರಿಯಿದೆ. ಜೇನಿನವರು ಹೇಳಿದ್ದೂ ಸರಿ.

ಆದರೆ ಕೆತ್ತನೆಯವರನ್ನು ಪೂರ್ತಿ ತಳ್ಳಿಹಾಕಬೇಡಿ. ಒಪ್ಪಂದ ನಮ್ಮನ್ನು ಮುಟ್ಟುವುದು ನಾವು ಹೊರದೇಶಕ್ಕೆ ಕಳಿಸುವಾಗ. ಇಲ್ಲಿಂದ ಅಮೆರಿಕಕ್ಕೆ ಒಂದು ಸಣ್ಣ ಪೊಟ್ಟಣ ಹೋದರೆ, ಅಲ್ಲಿ ಮನೆ ಬಾಗಿಲಿಗೆ ತಲುಪಿಸುವ ಪಾಲನ್ನು ನಮ್ಮ ಇಲಾಖೆ ಅವರಿಗೆ ಕೊಡಬೇಕು. ಅವರು ದರ ಏರಿಸಿದರೆ ನಮ್ಮ ಇಲಾಖೆಗೆ ಖರ್ಚು ಏರುತ್ತದೆ. ಆ ಏರಿಕೆ ಚೀನಾಕ್ಕೆ ಅಂತ ತಂದದ್ದು, ಆದರೆ ತಗುಲಿದ್ದು ಎಲ್ಲರಿಗೂ. ಬೇಲೂರು, ಹಳೇಬೀಡಿನವರು ಕಳಿಸುವ ಕಲ್ಲಿನ ಗಣೇಶನಿಗೂ ತಗುಲಿತು.

ಬೇಲೂರು ಕೆತ್ತನೆ
ಸರ್, ಗಣೇಶನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. 2023ರಲ್ಲಿ ಬೇಲೂರು, ಹಳೇಬೀಡು ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೊರದೇಶದವರು ನನ್ನ ಅಂಗಡಿಗೆ ಜಾಸ್ತಿ ಬರುತ್ತಾರೆ. ಬಳಪದ ಕಲ್ಲಿನಲ್ಲಿ ನಾಲ್ಕು ಇಂಚಿನ ಗಣೇಶ ಮಾಡುತ್ತೇನೆ. ಕಲ್ಲು ಮೆತ್ತಗೆ, ಉಗುರಿನಲ್ಲಿ ಗೀರಿದರೂ ಗೆರೆ ಬೀಳುತ್ತದೆ. ಅದಕ್ಕೇ ಸೊಂಡಿಲು, ಕಿವಿಯ ಅಂಚು ಎಲ್ಲ ಹತ್ತಿ ಸುತ್ತಿ, ಮೇಲೆ ಗುಳ್ಳೆ ಕವರ್ ಮೂರು ಸುತ್ತು ಸುತ್ತಬೇಕು. ವಿಮಾನದಲ್ಲಿ ಹೊರಲು ಆಗುವುದಿಲ್ಲ, ಕಳಿಸಿಕೊಡಿ ಅನ್ನುತ್ತಾರೆ.

ಅಂಚೆಯ ನಿರ್ಯಾತ (ರಫ್ತು) ಕೇಂದ್ರದಲ್ಲಿ ಕಳಿಸುವುದನ್ನು ಕಲಿತೆ. ಆಮದು ರಫ್ತು ನಂಬರ್‌ಗೆ 500 ರೂಪಾಯಿ ಕಟ್ಟಿ ಮಾಡಿಸಿದೆ, ಅರ್ಜಿ ಎಲ್ಲ ಆನ್‌ಲೈನ್‌ನಲ್ಲೇ. ಚೆನ್ನಾಗಿ ನಡೆಯುತ್ತಿತ್ತು. 2025ರ ಆಗಸ್ಟಿನಲ್ಲಿ ಅಮೆರಿಕದವರು 800 ಡಾಲರ್ ತನಕದ ಸುಂಕ ವಿನಾಯಿತಿ ತೆಗೆದುಹಾಕಿದರು. ಆಗಸ್ಟ್ 25ರಿಂದ ಅಮೆರಿಕಕ್ಕೆ ಅಂಚೆ ನಿಂತಿತು. ಆಗಲೇ ಮೂರು ಗಣೇಶ ಸುತ್ತಿ, ವಿಳಾಸ ಬರೆದು ಇಟ್ಟಿದ್ದೆ. ಒಂದೂವರೆ ತಿಂಗಳು ಅವು ನನ್ನ ಕಪಾಟಿನಲ್ಲೇ ಕೂತವು. ಅಕ್ಟೋಬರ್ 15ಕ್ಕೆ ಮತ್ತೆ ಶುರುವಾದಾಗ ಸುಂಕವೇ ಮಾಲಿನ ಬೆಲೆಯ 50 ಶೇಕಡಾ ಆಗಿತ್ತು. ಇಬ್ಬರು ಗಿರಾಕಿಗಳು ಬೇಡ ಅಂದರು. ಒಬ್ಬರು ಮಾತ್ರ ತೆಗೆದುಕೊಂಡರು. ನನಗೆ ಹೊರದೇಶದ ಒಪ್ಪಂದ ಅಂದರೆ ಮೈ ಉರಿಯುವುದು ಇದಕ್ಕೇ.

ಮೂಡಿಗೆರೆ ಮೆಣಸು
ಇದು ಬೇಸರದ ವಿಷಯ. ನಿಮ್ಮ ಸಿಟ್ಟು ಈಗ ಅರ್ಥ ಆಯಿತು. ಆದರೆ ಇದು ಸುಂಕದ ತೊಂದರೆ, ಅಂಚೆ ಒಪ್ಪಂದದ್ದಲ್ಲ. ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಬೇಲೂರು ಕೆತ್ತನೆ
ಕಪಾಟಿನಲ್ಲಿ ಮಾಲು ಕೂತವನಿಗೆ ಎರಡೂ ಒಂದೇ ಕಣಣ್ಣ.

ಹಾಸನ ಹಳೇ ಪುಸ್ತಕ
ನಾನು ಹಳೇ ಪುಸ್ತಕ ಮಾರುವವನು. ನನ್ನ ಅನುಭವ ಬೇರೆ. 2025ರ ಮೇ 1ರಿಂದ ಪುಸ್ತಕ ಕಳಿಸಲು ಅಂಚೆಯಲ್ಲಿ ಜ್ಞಾನ ಪೋಸ್ಟ್ ಅನ್ನುವ ಅಗ್ಗದ ಸೇವೆ ಬಂದಿದೆ. 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಟ್ರ್ಯಾಕಿಂಗ್ ಕೂಡ ಸಿಗುತ್ತದೆ. ನಿಧಾನಕ್ಕೆ ಹೋಗುತ್ತದೆ, ಆದರೆ ಪುಸ್ತಕ ಹಳಸುವುದಿಲ್ಲವಲ್ಲ. ಮೊದಲು ಹಳೇ ಕಾದಂಬರಿಗಿಂತ ಅದನ್ನು ಕಳಿಸುವ ಖರ್ಚೇ ಜಾಸ್ತಿ ಆಗುತ್ತಿತ್ತು.

ಸರ್ಕಾರ ಮನಸ್ಸು ಮಾಡಿದರೆ ಒಳನಾಡಿನಲ್ಲಿ ಏನು ಮಾಡಬಹುದು ಅನ್ನುವುದಕ್ಕೆ ಇದು ಸಾಕ್ಷಿ. ಪುಸ್ತಕಕ್ಕೆ ಮಾಡಿದ್ದನ್ನು ತೋಟದ ಮಾಲಿಗೆ ಯಾಕೆ ಮಾಡಬಾರದು? ಕಾಫಿಪುಡಿ, ಮೆಣಸು, ಏಲಕ್ಕಿ, ಜೇನು, ಕೊಬ್ಬರಿ. ಬೆಳೆದವರೇ ಕಳಿಸುವುದಾದರೆ ಒಂದು ಪ್ರತ್ಯೇಕ ದರ ಇರಲಿ.

ಅರಸೀಕೆರೆ ಕೊಬ್ಬರಿ
ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು!

ಕೊಪ್ಪ ಜೇನು
ಒಪ್ಪಿದೆ. ಎಲ್ಲ ಸೇರಿ ಒಂದು ಮನವಿ ಬರೆಯೋಣ.

ಸಕಲೇಶಪುರ ಏಲಕ್ಕಿ
ಸ್ಪೀಡ್ ಪೋಸ್ಟ್ 47 ರೂಪಾಯಿಗೆ ದೇಶದಲ್ಲಿ ಎಲ್ಲಿಗಾದರೂ ಹೋಗುತ್ತದೆ ಅಂತ ಪೇಪರಿನಲ್ಲಿ ಓದಿದ್ದೆ. ಕಾಫಿಪುಡಿಯನ್ನು ಅದರಲ್ಲೇ ಕಳಿಸಬಹುದಲ್ಲ?

ಅಂಚೆಯಲ್ಲಿ 34 ವರ್ಷ
ಇಲ್ಲಮ್ಮ. ಅದು ಕಾಗದಪತ್ರದ ದರ, ಅದೂ 50 ಗ್ರಾಂ ತನಕ. ಪುಡಿ, ಏಲಕ್ಕಿ ಎಲ್ಲ ಪಾರ್ಸಲ್ ಲೆಕ್ಕಕ್ಕೆ ಹೋಗುತ್ತವೆ. ಮೇಲೆ 18 ಶೇಕಡಾ ಜಿಎಸ್‌ಟಿ.

ಆಲ್ದೂರು ಕಾಫಿಮನೆ
ಆ ಜಿಎಸ್‌ಟಿ ಕೂಡ ನನಗೆ ವಾಪಸ್ ಬರುವುದಿಲ್ಲ ಸರ್. ನಮ್ಮದು ಸಣ್ಣ ವ್ಯಾಪಾರ, ನೋಂದಣಿ ಇಲ್ಲ. ದೊಡ್ಡ ಮಾರಾಟಗಾರರು ಅದನ್ನು ಲೆಕ್ಕದಲ್ಲಿ ಕಳೆದುಕೊಳ್ಳುತ್ತಾರೆ. ನಾನು ಕೈಯಿಂದ ಕಟ್ಟುತ್ತೇನೆ.

ಅರಸೀಕೆರೆ ಕೊಬ್ಬರಿ
ಅಸಲಿ ವಿಷಯ ಅಲ್ಲೇ ಇರುವುದು. ನಾವು ಬರ್ನ್, ಜಿನೀವಾ ಅಂತ ತಿರುಗಿ ಬಂದೆವು. ನಮ್ಮ ದುಡ್ಡು ಸೋರುವುದು ಪೆಟ್ಟಿಗೆ ಕಟ್ಟುವ ಮೇಜಿನ ಮೇಲೆ. ನಾನು ಕೊಬ್ಬರಿ ಜೊತೆಗೆ ಅಡಿಕೆ ಹಾಳೆ ತಟ್ಟೆಯೂ ಮಾರುತ್ತೇನೆ. 30 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರದ ಪೆಟ್ಟಿಗೆ. ತೂಕ 1 ಕೆಜಿ 200 ಗ್ರಾಂ. ಪೆಟ್ಟಿಗೆ ದೊಡ್ಡದಾದರೆ ಕೊರಿಯರ್‌ನವರು ತೂಕ ಬಿಟ್ಟು ಗಾತ್ರಕ್ಕೆ ದುಡ್ಡು ಹಿಡಿಯುತ್ತಾರೆ, ಮೂರು ಅಳತೆಯನ್ನೂ ಗುಣಿಸಿ 5,000ದಿಂದ ಭಾಗಿಸುತ್ತಾರೆ. 3.6 ಕೆಜಿ ಬಂತು. ಗಾಳಿಗೆ 2.4 ಕೆಜಿ ದುಡ್ಡು ಕಟ್ಟಿದೆ. ಈಗ ತಟ್ಟೆಗಳನ್ನು ಒಂದರೊಳಗೊಂದು ಬಿಗಿಯಾಗಿ ಜೋಡಿಸಿ, ಪೆಟ್ಟಿಗೆ ಎತ್ತರ 9 ಸೆಂಟಿಮೀಟರಿಗೆ ಇಳಿಸಿದ್ದೇನೆ. ಲೆಕ್ಕ 1.62 ಕೆಜಿಗೆ ಬಂತು.

ಕೊಪ್ಪ ಜೇನು
ನನಗೆ ಹೊಡೆತ ಕೊಟ್ಟಿದ್ದು ವಾಪಸ್ ಬರುವ ಪಾರ್ಸಲ್. ತಲುಪಿದ ಮೇಲೆ ದುಡ್ಡು ಕೊಡುವ ಆರ್ಡರ್ ತೆಗೆದುಕೊಳ್ಳುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಆರು ಬಾಟಲಿ ಜೇನು ಹುಬ್ಬಳ್ಳಿಗೆ ಹೋಯಿತು. ಗಿರಾಕಿ ಫೋನ್ ಎತ್ತಲಿಲ್ಲ. ಹದಿನೇಳು ದಿನ ತಿರುಗಿ ವಾಪಸ್ ಬಂತು. ಪೆಟ್ಟಿಗೆಯ ಮೂಲೆ ಒದ್ದೆ, ಒಳಗೆ ಎರಡು ಬಾಟಲಿ ಒಡೆದು, ಉಳಿದ ನಾಲ್ಕರ ಲೇಬಲ್‌ಗೆ ಜೇನು ಅಂಟಿ, ಇರುವೆ ಮುತ್ತಿತ್ತು. ಹೋಗುವ ಖರ್ಚು, ಬರುವ ಖರ್ಚು ಎರಡೂ ನನ್ನದೇ. ಆವತ್ತಿಂದ ಮೊದಲು ದುಡ್ಡು, ಆಮೇಲೆ ಜೇನು. ಆರ್ಡರ್ ಕಮ್ಮಿ ಆಯಿತು, ಆದರೆ ಉಳಿತಾಯ ಜಾಸ್ತಿ ಆಯಿತು.

ಬೆಂಗಳೂರಲ್ಲಿರೋ ಮಲ್ನಾಡ್ ಹುಡುಗ
ಮತ್ತೆ ಒಂದು ವಿಷಯ. ಇಲ್ಲಿ ನಮಗೆ 'ಸಾಗಾಣೆ ಉಚಿತ' ಅಂತ ಬರುವುದೆಲ್ಲ ಉಚಿತ ಅಲ್ಲ, ಬೆಲೆಯಲ್ಲೇ ಸೇರಿರುತ್ತದೆ. ದೊಡ್ಡವರ ಗೋಡೌನ್ ಬೆಂಗಳೂರಿನ ಅಂಚಿನಲ್ಲೇ ಇದೆ. ದಿನಕ್ಕೆ ಸಾವಿರಾರು ಪೆಟ್ಟಿಗೆ ಒಂದೇ ಲಾರಿಗೆ ತುಂಬುತ್ತಾರೆ. ಅಕ್ಕ ಎಂಟು ಪ್ಯಾಕೆಟ್ ಹಿಡಿದು ಆಲ್ದೂರಿನಿಂದ ಬಸ್ಸು ಹತ್ತಬೇಕು. ಆ ಅಂತರದ ಖರ್ಚು ಅದು.

ಮೂಡಿಗೆರೆ ಮೆಣಸು
ಬಸ್ಸಿನ ಮಾತು ಬಂತು. ಅಕ್ಕ, ನಿಮ್ಮ ಓಡಾಟದ ದುಡ್ಡು ಮತ್ತೆ ಅರ್ಧ ದಿನದ ಕೆಲಸ, ಇವನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಅಂಚೆ ಕಚೇರಿ ನಿಮ್ಮೂರಲ್ಲೇ ಇದೆಯಲ್ಲ.

ಆಲ್ದೂರು ಕಾಫಿಮನೆ
ಹಿಡಿದಿರಲಿಲ್ಲ ಅಣ್ಣ. ಈಗ ಹಿಡಿದೆ. ಪ್ಯಾಕೆಟ್‌ಗೆ ಹನ್ನೊಂದು ರೂಪಾಯಿ ಬೀಳುತ್ತಿದೆ, ನನ್ನ ಸಮಯ ಬಿಟ್ಟು.

ಅಂಚೆಯಲ್ಲಿ 34 ವರ್ಷ
ಅಮ್ಮಾ, ಒಂದು ಕೆಲಸ ಮಾಡಿ. ನಿಮ್ಮ ಪ್ಯಾಕೆಟ್ ಒಂದನ್ನು ಕಟ್ಟಿ ಮುಗಿಸಿದ ಮೇಲೆ ತೂಕ ಎಷ್ಟು ಅಂತ ಹೇಳಿ. ಪುಡಿಯ ತೂಕ ಅಲ್ಲ. ಪೆಟ್ಟಿಗೆ, ಟೇಪು ಎಲ್ಲ ಸೇರಿ.

ಆಲ್ದೂರು ಕಾಫಿಮನೆ
ಈಗಷ್ಟೇ ಅಡುಗೆಮನೆ ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟು ನೋಡಿದೆ. ಪುಡಿ 500. ಪೌಚ್ 14, ಅದರಲ್ಲಿ ಗಾಳಿ ಹೊರಹೋಗುವ ವಾಲ್ವ್ ಇದೆ. ಅದಿಲ್ಲದಿದ್ದರೆ ಹೊಸದಾಗಿ ಹುರಿದ ಪುಡಿ ಪೌಚನ್ನು ಚೆಂಡಿನ ಹಾಗೆ ಊದಿಸುತ್ತದೆ. ರಟ್ಟಿನ ಪೆಟ್ಟಿಗೆ 62. ಟೇಪು ಮತ್ತು ಚೀಟಿ 9. ಒಟ್ಟು 585 ಗ್ರಾಂ.

ಅಂಚೆಯಲ್ಲಿ 34 ವರ್ಷ
ನೋಡಿ. 500 ದಾಟಿದ ಕೂಡಲೇ ಮುಂದಿನ ಮೆಟ್ಟಿಲು. 85 ಗ್ರಾಂ ರಟ್ಟು, ಟೇಪಿಗೆ ನೀವು ಇನ್ನೊಂದು ಅರ್ಧ ಕೆಜಿ ದುಡ್ಡು ಕಟ್ಟುತ್ತಿದ್ದೀರಿ. ಅಂಚೆಯಲ್ಲೂ ಹೀಗೇ, ಕೊರಿಯರ್‌ನಲ್ಲೂ ಹೀಗೇ. ನಾನು ಕೌಂಟರಿನಲ್ಲಿ ಕೂತಾಗ ದಿನಾ ನೋಡುತ್ತಿದ್ದೆ. 510, 520 ಗ್ರಾಂ ಇಟ್ಟುಕೊಂಡು ಬರುವವರಿಗೆ ಹೇಳಿ ಹೇಳಿ ಸಾಕಾಗುತ್ತಿತ್ತು.

ಕೊಪ್ಪ ಜೇನು
ಅಯ್ಯೋ, ನನ್ನದೂ 540 ಇದೆ!

ಹಾಸನ ಹಳೇ ಪುಸ್ತಕ
ಅರ್ಧ ಕೆಜಿ ಬದಲು 400 ಗ್ರಾಂ ಪ್ಯಾಕ್ ಮಾಡಿ ಅಕ್ಕ. 485ಕ್ಕೆ ಬರುತ್ತದೆ.

ಬೇಲೂರು ಕೆತ್ತನೆ
400 ಗ್ರಾಂ ಅಂದರೆ ಗಿರಾಕಿ ಮೋಸ ಅಂದುಕೊಳ್ಳುವುದಿಲ್ವಾ?

ಬೆಂಗಳೂರಲ್ಲಿರೋ ಮಲ್ನಾಡ್ ಹುಡುಗ
ಬೆಲೆಯೂ ಅದೇ ಲೆಕ್ಕಕ್ಕೆ ಇಳಿಸಿ, ತೂಕವನ್ನು ಮುಂದುಗಡೆ ದೊಡ್ಡದಾಗಿ ಬರೆದರೆ ಯಾರೂ ಅಂದುಕೊಳ್ಳುವುದಿಲ್ಲ. ಸಾಗಾಣೆ ಎಷ್ಟು ಇಳಿಯಿತು ಅಂತಲೂ ಬರೆಯಿರಿ. ನಾನಂತೂ ತೆಗೆದುಕೊಳ್ಳುತ್ತೇನೆ. ಎರಡು ಬೇಕಾದವರಿಗೆ 400ರ ಎರಡು ಪೌಚನ್ನು ಒಂದೇ ಪೆಟ್ಟಿಗೆಯಲ್ಲಿ ಕಳಿಸಿ, 1 ಕೆಜಿ ಒಳಗೆ ಬರುತ್ತದೆ.

ಅಂಚೆಯಲ್ಲಿ 34 ವರ್ಷ
485 ಸಾಲದು. ಆಷಾಢ, ಶ್ರಾವಣದಲ್ಲಿ ನಮ್ಮ ಕಡೆ ರಟ್ಟು ನೀರು ಹೀರುತ್ತದೆ. ಮನೆಯ ತಕ್ಕಡಿಗೂ ಕೌಂಟರಿನ ತಕ್ಕಡಿಗೂ ನಾಲ್ಕೈದು ಗ್ರಾಂ ವ್ಯತ್ಯಾಸ ಇರುತ್ತದೆ. 470ರ ಒಳಗೆ ಇರಲಿ. ಪೆಟ್ಟಿಗೆ ಚಿಕ್ಕದು ಮಾಡಿ.

ಅರಸೀಕೆರೆ ಕೊಬ್ಬರಿ
ಹಾಸನದಲ್ಲಿ ನನಗೆ ಪೆಟ್ಟಿಗೆ ಮಾಡಿಕೊಡುವವರಿದ್ದಾರೆ. ಅಳತೆ ಕೊಟ್ಟರೆ ನೂರಕ್ಕೆ ಕಮ್ಮಿ ಇದ್ದರೂ ಕತ್ತರಿಸಿ ಕೊಡುತ್ತಾರೆ. ನಿಮ್ಮ ಪೌಚಿನ ಅಳತೆ ಕಳಿಸಿ, ಶನಿವಾರ ಹೋಗುತ್ತೇನೆ, ಕೇಳಿ ಬರುತ್ತೇನೆ.

ಆಲ್ದೂರು ಕಾಫಿಮನೆ
ಕಳಿಸಿದೆ ಅಣ್ಣ, ಸಂದೇಶ ನೋಡಿ. 45 ಗ್ರಾಂ ಒಳಗಿನ ಪೆಟ್ಟಿಗೆ ಸಿಕ್ಕರೆ 468 ಆಗುತ್ತದೆ. ತಮ್ಮನಿಗೆ ಇಡೀ ಚರ್ಚೆ ಓದಿಸಿದೆ. ನನ್ನ ಪಾರ್ಸಲ್‌ಗೂ ಒಪ್ಪಂದಕ್ಕೂ ಸಂಬಂಧ ಇಲ್ಲ ಅಂತ ಒಪ್ಪಿಕೊಂಡ. ಮನವಿ ಬರೆಯುವ ಕೆಲಸ ಅವನದೇ ಅಂತ ಹೇಳಿದ್ದೇನೆ. ಪುಸ್ತಕದ ಹಾಗೆ ತೋಟದ ಮಾಲಿಗೂ ದರ ಬೇಕು ಅಂತ. ಸಂಸದರಿಗೆ ಒಂದು, ಅಂಚೆ ಅಧಿಕಾರಿಗಳಿಗೆ ಒಂದು. ನಿಮ್ಮ ನಿಮ್ಮ ಪ್ಯಾಕೆಟ್ ತೂಕ, ಕಟ್ಟಿದ ದುಡ್ಡು, ತಿಂಗಳಿಗೆ ಎಷ್ಟು ಕಳಿಸುತ್ತೀರಿ, ಇವಿಷ್ಟು ಇಲ್ಲೇ ಬರೆಯಿರಿ, ಸೇರಿಸುತ್ತಾನೆ.

ಅಂಚೆಯಲ್ಲಿ 34 ವರ್ಷ
ಮನವಿಯ ಕರಡು ನನಗೆ ಒಮ್ಮೆ ತೋರಿಸಿ, ಯಾವ ವಿಳಾಸಕ್ಕೆ ಹೋಗಬೇಕು ಅಂತ ಹೇಳುತ್ತೇನೆ. ಅಲ್ಲಿಯ ತನಕ ಸೋಮವಾರ ಐದು ಪ್ಯಾಕೆಟ್ ನಿಮ್ಮೂರಿನ ಅಂಚೆಗೇ ತೆಗೆದುಕೊಂಡು ಹೋಗಿ ನೋಡಿ. ಮಧ್ಯಾಹ್ನದ ಒಳಗೆ ಹೋಗಿ, ಚೀಲ ಕಟ್ಟುವ ಮೊದಲೇ ಕೊಟ್ಟರೆ ಅವತ್ತೇ ಹೊರಡುತ್ತದೆ. ಜಾಸ್ತಿ ಕಳಿಸುವವರಿಗೆ ರಿಯಾಯಿತಿ ಏನಿದೆ ಅಂತಲೂ ಕೇಳಿ.

ಮೂಡಿಗೆರೆ ಮೆಣಸು
ನನ್ನದು ಬರೆದುಕೊಳ್ಳಿ. ಕರಿಮೆಣಸು, 250 ಗ್ರಾಂ ಪ್ಯಾಕೆಟ್, ಕಟ್ಟಿದ ಮೇಲೆ 318 ಗ್ರಾಂ, ತಿಂಗಳಿಗೆ ನಲವತ್ತು.

ಕೊಪ್ಪ ಜೇನು
ಜೇನು, 540 ಗ್ರಾಂ, ತಿಂಗಳಿಗೆ ಇಪ್ಪತ್ತೈದು. ತೂಕ ಇಳಿಸಿದ ಮೇಲೆ ಮತ್ತೆ ಬರೆಯುತ್ತೇನೆ.